ಅರ್ಜಿಯ ಮೇಲೆ ಅರ್ಜಿ: ತೀರ್ಪು ಮುಗಿಯುವುದು ಯಾವಾಗ?

2025ರ ಆಗಸ್ಟ್ 18ರಂದು ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರದಲ್ಲಿ ಕೆಲಸ ಶುರು ಮಾಡಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ಅಪೀಲುಗಳನ್ನು ಹೊತ್ತುಕೊಂಡು ಮುಂಬಯಿಗೆ ಹೋಗುವ ಕೆಲಸ ಅಲ್ಲಿಗೆ ತಪ್ಪಿತು. ಸರಿಯಾಗಿ ಒಂದು ವಾರದ ಮೇಲೆ, ಆಗಸ್ಟ್ 25ರಂದು, ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ನಾಗಪುರದ ವಸಂತ ಸಂಪತ್ ದುಪಾರೆ ಪ್ರಕರಣದಲ್ಲಿ ಇನ್ನೊಂದು ಆದೇಶ ಕೊಟ್ಟರು. ದುಪಾರೆಯ ಗಲ್ಲುಶಿಕ್ಷೆಯನ್ನು ಅದೇ ಕೋರ್ಟು 2014ರಲ್ಲಿ ಖಾಯಂ ಮಾಡಿತ್ತು, 2017ರಲ್ಲಿ ಪುನರ್ಪರಿಶೀಲನಾ ಅರ್ಜಿಯನ್ನೂ ವಜಾ ಮಾಡಿತ್ತು. ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿಯೂ ಆಗಿತ್ತು. ಕಾಗದದ ಮೇಲೆ ಎಲ್ಲ ಮುಗಿದಿದ್ದ ಈ ಪ್ರಕರಣದಲ್ಲಿ ಕೋರ್ಟು ಅಪರಾಧ ನಿರ್ಣಯವನ್ನು ಹಾಗೆಯೇ ಇಟ್ಟು, ಶಿಕ್ಷೆಯನ್ನಷ್ಟೇ ತೆಗೆದುಹಾಕಿ, ಎಷ್ಟು ಶಿಕ್ಷೆ ಎಂಬುದನ್ನು ಮತ್ತೊಮ್ಮೆ ವಿಚಾರಿಸಬೇಕೆಂದಿತು.

ಒಂದು ಆದೇಶ ಮೊದಲ ಅಪೀಲಿನ ದಾರಿಯನ್ನು ಹತ್ತಿರ ಮಾಡಿತು, ಇನ್ನೊಂದು ಮುಚ್ಚಿದ ಕೊನೆಯ ಬಾಗಿಲನ್ನು ತೆರೆಯಿತು. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳದ ಕಡೆಯ ಕನ್ನಡಿಗರಿಗೆ ಇವೆರಡರಲ್ಲಿ ಹೆಚ್ಚು ಬೆಲೆಯುಳ್ಳದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಮೊದಲನೆಯದೇ ಎಂದು ನನ್ನ ಉತ್ತರ. ಪತ್ರಿಕೆಗಳಲ್ಲಿ ಚರ್ಚೆಯಾಗುವುದು ಮಾತ್ರ ಎರಡನೆಯದು.

ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 362ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಮು, ಎರಡರ ಮಾತೂ ಒಂದೇ. ತೀರ್ಪಿಗೆ ಸಹಿ ಬಿದ್ದ ಮೇಲೆ ಬರಹದ ಅಥವಾ ಲೆಕ್ಕದ ತಪ್ಪನ್ನು ತಿದ್ದಬಹುದು, ಅದಕ್ಕಿಂತ ಹೆಚ್ಚಿನದನ್ನು ಆ ಕೋರ್ಟು ಮುಟ್ಟುವಂತಿಲ್ಲ. ಸಿವಿಲ್ ದಾವೆಯಲ್ಲಿ ಕೊಟ್ಟ ತೀರ್ಪನ್ನು ಅದೇ ಕೋರ್ಟು ಪುನರ್ಪರಿಶೀಲಿಸಲು ಅವಕಾಶವಿದೆ. ಹೊಲದ ಬದುವಿನ ಜಗಳಕ್ಕಿರುವ ಆ ಸವಲತ್ತು ಹತ್ತು ವರ್ಷದ ಸೆರೆವಾಸಕ್ಕಿಲ್ಲ. ಹೈಕೋರ್ಟಿಗೂ ಕ್ರಿಮಿನಲ್ ತೀರ್ಪನ್ನು ತಾನೇ ಮರುನೋಡುವ ಅಧಿಕಾರವಿಲ್ಲ. ಅಂತರ್ಗತ ಅಧಿಕಾರದ ಹೆಸರಿನಲ್ಲಿ ಅದನ್ನೇ ಹಿಂಬಾಗಿಲಿನಿಂದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರ ಸಿಮ್ರಿಖಿಯಾ ಪ್ರಕರಣದಲ್ಲಿ ಹೇಳಿತು. ತೀರ್ಪಾದ ಮೇಲೂ ಅರ್ಜಿಯ ಮೇಲೆ ಅರ್ಜಿ ಹಾಕುವ ಚಾಳಿಯನ್ನು 2000ನೇ ಇಸವಿಯ ಹರಿಸಿಂಗ್ ಮಾನ್ ಪ್ರಕರಣದಲ್ಲಿ ಖಂಡಿಸಿತು.

ಜತ್ತಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯಾದವನು 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು. ಅಲ್ಲೂ ಸೋತರೆ ಹೈಕೋರ್ಟಿನಲ್ಲಿ ರಿವಿಜನ್, ಅದೂ ಒಂದೇ ಸಲ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ 60 ದಿನದೊಳಗೆ, ಗಲ್ಲಾದರೆ 30 ದಿನದೊಳಗೆ. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ. ಅದು ಹಕ್ಕಲ್ಲ, ಕೋರ್ಟು ಒಪ್ಪಿದರೆ ಉಂಟು. ಆ ಕೋರ್ಟಿಗೆ ಮಾತ್ರ ಸಂವಿಧಾನದ 137ನೇ ವಿಧಿ ತನ್ನ ತೀರ್ಪನ್ನು ತಾನೇ ಪುನರ್ಪರಿಶೀಲಿಸುವ ಅಧಿಕಾರ ಕೊಟ್ಟಿದೆ. ಅರ್ಜಿಗೆ 30 ದಿನದ ಗಡುವು, ದಾಖಲೆಯ ಮೇಲೆಯೇ ಎದ್ದು ಕಾಣುವ ತಪ್ಪಿರಬೇಕೆಂಬ ಷರತ್ತು. ವಕೀಲರ ವಾದವಿಲ್ಲದೆ ನ್ಯಾಯಮೂರ್ತಿಗಳ ಕೊಠಡಿಯಲ್ಲೇ ಕಾಗದಗಳು ಸುತ್ತಿ ಅದರ ನಿಕಾಲಿ ಆಗುತ್ತದೆ. ಎರಡನೇ ಪುನರ್ಪರಿಶೀಲನೆಗೆ ಅವಕಾಶವಿಲ್ಲ. 2002ರ ರೂಪಾ ಅಶೋಕ್ ಹುರಾ ತೀರ್ಪಿನಿಂದ ಹುಟ್ಟಿದ ಕ್ಯುರೇಟಿವ್ ಅರ್ಜಿ ಕಟ್ಟಕಡೆಯದು. ಅದಕ್ಕೆ ಹಿರಿಯ ವಕೀಲರೊಬ್ಬರ ಪ್ರಮಾಣಪತ್ರ ಬೇಕು, ಮೊದಲು ಅತ್ಯಂತ ಹಿರಿಯ ಮೂವರು ನ್ಯಾಯಮೂರ್ತಿಗಳ ಮುಂದೆ ಅದು ಹೋಗಬೇಕು. ಇಷ್ಟು ದೂರ ಜತ್ತಿನಿಂದ ಹೋದ ಪ್ರಕರಣವಿದ್ದರೆ ಅದು ಅಪರೂಪದ ಸಂಗತಿಯೇ ಸರಿ.

ತೀರ್ಪಿಗೆ ಕೊನೆ ಇರಬೇಕೆಂಬ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಕಡೆಯ ಜನ ಸುಮ್ಮನೆ ಹೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮಲ್ಲಿಕಾರ್ಜುನ ಕೊಡಗಲಿ ಅವರ ಪ್ರಕರಣ ಎದುರಿಗಿದೆ. ಅವರ ಮೇಲೆ ಹಲ್ಲೆಯಾದದ್ದು 2009ರ ಫೆಬ್ರುವರಿಯಲ್ಲಿ. ಆರೋಪಿಗಳು 2013ರಲ್ಲಿ ಖುಲಾಸೆಯಾದರು. ಪೆಟ್ಟು ತಿಂದವನಿಗೆ ಖುಲಾಸೆಯ ವಿರುದ್ಧ ಅಪೀಲು ಹೋಗುವ ಹಕ್ಕು ಹೈಕೋರ್ಟಿನ ಅನುಮತಿಯಿಲ್ಲದೆಯೇ ಇದೆ ಎಂದು ಸುಪ್ರೀಂ ಕೋರ್ಟು ಬಹುಮತದಿಂದ ತೀರ್ಪು ಕೊಟ್ಟದ್ದು 2018ರ ಅಕ್ಟೋಬರ್ 12ರಂದು. ಆ ಹೊತ್ತಿಗೆ ಕೊಡಗಲಿ ಬದುಕಿರಲಿಲ್ಲ. ಅವರ ಹೆಸರಿನ ತೀರ್ಪಿನಿಂದ ದೇಶದ ಎಲ್ಲ ಸಂತ್ರಸ್ತರಿಗೂ ಹಕ್ಕು ದೊರೆಯಿತು, ಅವರಿಗೆ ದೊರೆಯಲಿಲ್ಲ. ಕೈದಿಯ ಪ್ರತಿ ಹೊಸ ಅರ್ಜಿಯೂ ಇಂಥ ಮನೆಯವರನ್ನು ಮತ್ತೆ ತಾರೀಖಿಗೆ ಎಳೆಯುತ್ತದೆ ಎಂಬುದನ್ನು ಮರೆತು ಈ ವಿಷಯ ಮಾತಾಡುವಂತಿಲ್ಲ.

ಆದರೂ ಪದೇಪದೇ ಕೇಳಿದ್ದರಿಂದಲೇ ಉಳಿದ ಜೀವಗಳಿವೆ. ಮಹಾರಾಷ್ಟ್ರದ್ದೇ ಒಂದು ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. 2003ರ ಜೂನ್ 5ರ ರಾತ್ರಿ ನಾಶಿಕದ ಬಳಿ ತೋಟದ ಗುಡಿಸಲೊಂದಕ್ಕೆ ನುಗ್ಗಿದವರು ಐದು ಜನರನ್ನು ಕೊಂದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಹಿಡಿದದ್ದು ಅಲೆಮಾರಿ ಸಮುದಾಯದ ಆರು ಬಡವರನ್ನು. ಸೆಷನ್ಸ್ ಕೋರ್ಟು 2006ರಲ್ಲಿ ಆರೂ ಜನರಿಗೆ ಗಲ್ಲು ವಿಧಿಸಿತು. ಹೈಕೋರ್ಟು 2007ರಲ್ಲಿ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಸುಪ್ರೀಂ ಕೋರ್ಟು 2009ರ ಏಪ್ರಿಲ್ 30ರಂದು ಆ ಮೂವರನ್ನೂ ಗಲ್ಲಿಗೇ ಮರಳಿಸಿತು. ಪುನರ್ಪರಿಶೀಲನೆ ಕೇಳಿದರು, ವಜಾ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಗಲ್ಲಿನ ಪ್ರಕರಣಗಳಲ್ಲಿ ಪುನರ್ಪರಿಶೀಲನಾ ಅರ್ಜಿಯನ್ನು ಮೂವರು ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲಿ ಕೇಳಬೇಕು ಎಂದು 2014ರ ಸೆಪ್ಟೆಂಬರ್ 2ರಂದು ಮೊಹಮ್ಮದ್ ಆರಿಫ್ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಅದರ ಬೆನ್ನಲ್ಲಿ 2018ರ ಅಕ್ಟೋಬರಿನಲ್ಲಿ ಈ ಆರು ಜನರ ಹಳೆಯ ವಜಾ ಆದೇಶವನ್ನು ಹಿಂತೆಗೆದುಕೊಂಡು ಮತ್ತೆ ವಾದ ಕೇಳಿದರು. ಆಗ ಹೊರಬಿದ್ದ ಸಂಗತಿ ಎಂಥವರಿಗೂ ಮೈ ನಡುಗಿಸುವಂಥದ್ದು. ಘಟನೆಯಾದ ಎರಡೇ ದಿನಕ್ಕೆ ಬದುಕುಳಿದ ಸಾಕ್ಷಿಯು ಪೊಲೀಸರ ಫೋಟೊ ಆಲ್ಬಮ್‌ನಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ತನಿಖೆ ನಡೆಯಲಿಲ್ಲ. 2019ರ ಮಾರ್ಚ್ 5ರಂದು ಆರೂ ಜನ ನಿರ್ದೋಷಿಗಳೆಂದು ಬಿಡುಗಡೆಯಾದರು, ತಲಾ ಐದು ಲಕ್ಷ ರೂಪಾಯಿ ಪರಿಹಾರದೊಂದಿಗೆ. ಅಷ್ಟರಲ್ಲಿ ಹದಿನಾರು ವರ್ಷ ಕಳೆದಿದ್ದವು. ಹೈಕೋರ್ಟು ಉಳಿಸಿದ್ದ ಮೂವರನ್ನು ಗಲ್ಲಿಗೆ ಮರಳಿಸಿದ್ದು ಕೂಡ ಒಂದು ಅಂತಿಮ ತೀರ್ಪೇ ಆಗಿತ್ತಲ್ಲವೇ?

ಆ ಫೋಟೊ ಗುರುತಿಸಿದ ಸಂಗತಿ ಹದಿನಾರನೇ ವರ್ಷದಲ್ಲಿ ಹೊಸದಾಗಿ ಹುಟ್ಟಿದ ಸಾಕ್ಷ್ಯವಲ್ಲ, 2003ರಿಂದಲೂ ಇದ್ದದ್ದು. ಮೊದಲ ವಿಚಾರಣೆಯಲ್ಲೇ ಒಬ್ಬ ಚುರುಕಾದ ವಕೀಲ ಕಾಗದಗಳನ್ನು ಸರಿಯಾಗಿ ಓದಿ ಒತ್ತಿ ಕೇಳಿದ್ದರೆ ಮುಂದಿನ ಅರ್ಜಿಗಳ ಸಾಲೇ ಬೇಕಾಗುತ್ತಿರಲಿಲ್ಲ. ಮರುಪರಿಶೀಲನೆಯಲ್ಲಿ ಗೆದ್ದ ಪ್ರಕರಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬಹುಪಾಲು ಕಾಣುವುದು ಇದೇ.

ನಿಠಾರಿ ಪ್ರಕರಣದ ಸುರೇಂದ್ರ ಕೋಲಿಯದೂ ಹೀಗೆಯೇ. ಗಲ್ಲು 2011ರಲ್ಲಿ ಖಾಯಂ ಆಗಿ, 2014ರಲ್ಲಿ ಪುನರ್ಪರಿಶೀಲನೆ ವಜಾ ಆಗಿ, ವಿಳಂಬದ ಕಾರಣಕ್ಕೆ 2015ರಲ್ಲಿ ಜೀವಾವಧಿಯಾಗಿತ್ತು. ಅದೇ ಬಗೆಯ ಸಾಕ್ಷ್ಯದ ಮೇಲೆ ನಿಂತಿದ್ದ ಉಳಿದ ಪ್ರಕರಣಗಳಲ್ಲಿ ಆತ ಖುಲಾಸೆಯಾದ ಮೇಲೆ, 2025ರ ನವೆಂಬರ್ 11ರಂದು ಕ್ಯುರೇಟಿವ್ ಅರ್ಜಿಯಲ್ಲಿ ಈ ಕೊನೆಯದರಲ್ಲೂ ಬಿಡುಗಡೆ ಸಿಕ್ಕಿತು. ಕೇಳುವುದನ್ನು ನಿಲ್ಲಿಸಿದವನ ಕಥೆ ಬೇಕಿದ್ದರೆ ಹರಬನ್ಸ್ ಸಿಂಗ್ ಪ್ರಕರಣವಿದೆ. ಒಂದೇ ಕೊಲೆ ಪ್ರಕರಣದಲ್ಲಿ ಸಮಾನ ಪಾತ್ರದ ಮೂವರಿಗೆ ಗಲ್ಲಾಗಿತ್ತು. ಮೂವರ ಅರ್ಜಿಗಳು ಬೇರೆ ಬೇರೆ ಪೀಠಗಳ ಮುಂದೆ ಬಂದವು. ಒಬ್ಬನ ಶಿಕ್ಷೆ ಜೀವಾವಧಿಯಾಯಿತು. ಹರಬನ್ಸ್ ಕೊನೆಗಳಿಗೆಯಲ್ಲಿ ಮತ್ತೆ ಕೋರ್ಟಿಗೆ ಹೋಗಿ ಉಳಿದ. ಜೀತಾ ಸಿಂಗನನ್ನು 1981ರ ಅಕ್ಟೋಬರ್ 6ರಂದು ನೇಣಿಗೇರಿಸಿಯಾಗಿತ್ತು.

ಇದಕ್ಕೆ ಎದುರಾದ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡಬೇಕಿಲ್ಲ. ದೆಹಲಿಯ ನಿರ್ಭಯಾ ಪ್ರಕರಣದ ನಾಲ್ವರು ಸರದಿಯ ಮೇಲೆ ಒಬ್ಬೊಬ್ಬರಾಗಿ ಅರ್ಜಿ ಹಾಕಿ ಗಲ್ಲಿನ ದಿನವನ್ನು ಮುಂದೂಡಿದ್ದನ್ನು 2020ರ ಮಾರ್ಚ್ 20ರ ಬೆಳಗಿನವರೆಗೆ ದೇಶವೆಲ್ಲ ನೋಡಿತು. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ವಿಚಾರಣೆ ಮುಂಬಯಿಯಲ್ಲಿ ನಡೆದಿತ್ತಾದ್ದರಿಂದ ಶಿಕ್ಷೆ ಮಾಫಿಯ ಅಧಿಕಾರ ಮಹಾರಾಷ್ಟ್ರ ಸರ್ಕಾರದ್ದು. ಅಪರಾಧಿಯೊಬ್ಬ ಸಂಗತಿಗಳನ್ನು ಮರೆಮಾಚಿ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದಲೇ ಗುಜರಾತಿನ ಪರ ಆದೇಶ ಪಡೆದ, ಹನ್ನೊಂದು ಜನ ಹೊರಗೆ ಬಂದರು. 2024ರ ಜನವರಿ 8ರಂದು ಅದೇ ಕೋರ್ಟು, ಮೋಸದಿಂದ ಪಡೆದ ಆ ಆದೇಶ ಲೆಕ್ಕಕ್ಕೇ ಇಲ್ಲ ಎಂದು ಎಲ್ಲರನ್ನೂ ಮತ್ತೆ ಜೈಲಿಗೆ ಕಳಿಸಿತು. ಈ ಸಲ ಅಂತಿಮ ಎನಿಸಿಕೊಂಡ ಆದೇಶವನ್ನು ಬೀಳಿಸಲು ಕೋರ್ಟಿಗೆ ಹೋದವಳು ಸಂತ್ರಸ್ತೆ. ಮರುನೋಟ ಬೇಕೆನ್ನುವವರು ಯಾವಾಗಲೂ ಕೈದಿಗಳೇ ಎಂದುಕೊಂಡವರು ಇದನ್ನು ನೆನಪಿಡುವುದು ಒಳ್ಳೆಯದು.

ವಿಳಂಬದ ಮಾತಿಗೆ ಬರೋಣ. ಕೈದಿಗಳು ಅರ್ಜಿ ಹಾಕಿ ಹಾಕಿ ಕಾಲ ತಳ್ಳುತ್ತಾರೆ ಎಂಬುದು ಸರ್ಕಾರಗಳ ಹಳೆಯ ದೂರು. ಜತ್ತಿಗೆ ಎರಡು ದಿಕ್ಕಿನಲ್ಲಿರುವ ಎರಡು ಊರುಗಳ ಪ್ರಕರಣಗಳು ಬೇರೆಯದನ್ನೇ ಹೇಳುತ್ತವೆ. ಕೊಲ್ಹಾಪುರದ ಮಕ್ಕಳ ಕೊಲೆ ಪ್ರಕರಣದ ಅಕ್ಕತಂಗಿಯರಾದ ರೇಣುಕಾ ಶಿಂಧೆ ಮತ್ತು ಸೀಮಾ ಗಾವಿತ್‌ಗೆ 2001ರಲ್ಲಿ ಗಲ್ಲು ವಿಧಿಸಲಾಯಿತು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಅವರ ಅಪರಾಧದ ಭೀಕರತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಬಾಂಬೆ ಹೈಕೋರ್ಟಿಗೂ ಇರಲಿಲ್ಲ. ಹಾಗಿದ್ದೂ 2022ರ ಜನವರಿ 18ರಂದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಬೇಕಾಯಿತು. ಕ್ಷಮಾದಾನ ಅರ್ಜಿಯ ಕಡತ ವರ್ಷಗಟ್ಟಲೆ ಕದಲದೆ ಬಿದ್ದಿದ್ದೇ ಅದಕ್ಕೆ ಕಾರಣ, ಸರ್ಕಾರಿ ಯಂತ್ರದ ಔದಾಸೀನ್ಯವನ್ನು ಹೈಕೋರ್ಟು ಕಟುವಾಗಿ ಟೀಕಿಸಿತು.

ಇನ್ನೊಂದು ದಿಕ್ಕಿಗೆ ಬೆಳಗಾವಿಯ ಹಿಂಡಲಗಾ ಜೈಲು. ವೀರಪ್ಪನ್ ಸಹಚರರಾದ ಜ್ಞಾನಪ್ರಕಾಶ, ಸೈಮನ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಇದ್ದದ್ದು ಇಲ್ಲಿ. 22 ಜನರನ್ನು ಬಲಿ ತೆಗೆದುಕೊಂಡ 1993ರ ಪಾಲಾರ್ ಸ್ಫೋಟಕ್ಕಾಗಿ ಮೈಸೂರಿನ ಟಾಡಾ ಕೋರ್ಟು ಅವರಿಗೆ ಜೀವಾವಧಿ ಕೊಟ್ಟಿತ್ತು. ಅವರು ಅಪೀಲು ಹೋದರು. ಸುಪ್ರೀಂ ಕೋರ್ಟು ತಾನಾಗಿ ನೋಟಿಸು ಕೊಟ್ಟು 2004ರ ಜನವರಿಯಲ್ಲಿ ಅದನ್ನು ಗಲ್ಲಿಗೆ ಏರಿಸಿತು. ಮರುನೋಟ ಕೇಳಿದವನಿಗೆ ಯಾವಾಗಲೂ ಇಳಿಕೆಯೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ! ಅವರ ಕ್ಷಮಾದಾನ ಅರ್ಜಿ 2013ರ ಫೆಬ್ರುವರಿಯವರೆಗೆ ಕೊಳೆಯಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಗಲ್ಲು ತಪ್ಪಿದ 15 ಜನರಲ್ಲಿ ಈ ನಾಲ್ವರೂ ಇದ್ದರು. ಅದೇ ಜೈಲಿನಲ್ಲಿ ಗಲ್ಲಿನ ಕೈದಿ ಉಮೇಶ ರೆಡ್ಡಿಯನ್ನು 2006ರಿಂದ ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿಟ್ಟಿದ್ದರು. ಕ್ಷಮಾದಾನದ ದಾರಿ ಪೂರ್ತಿ ಮುಗಿಯುವ ಮೊದಲು ಗಲ್ಲಿನ ಕೈದಿಯನ್ನು ಹಾಗೆ ಇಡಬಾರದು ಎಂದು 1978ರಲ್ಲೇ ಸುನಿಲ್ ಬಾತ್ರಾ ತೀರ್ಪು ಹೇಳಿತ್ತು. ಅದನ್ನು ಮೀರಿದ್ದಕ್ಕೆ 2022ರ ನವೆಂಬರ್ 4ರಂದು ಆತನ ಗಲ್ಲು ಕನಿಷ್ಠ 30 ವರ್ಷದ ಜೀವಾವಧಿಯಾಯಿತು. ಉಮೇಶ ರೆಡ್ಡಿ ಪುನರ್ಪರಿಶೀಲನೆಗೆ ಹೋದ, ಕ್ಷಮೆ ಕೇಳಿದ, ಮತ್ತೆ ಪುನರ್ಪರಿಶೀಲನೆಗೆ ಹೋದ, ಹೈಕೋರ್ಟಿಗೆ ಹೋದ. ಕಡೆಗೆ ಅವನಿಗೆ ದಕ್ಕಿದ್ದು ಜೈಲಿನವರೇ ಕಾನೂನು ಮುರಿದದ್ದರ ಫಲ.

ಹೀಗೆ ನೋಡಿದರೆ ತೀರ್ಪಿನ ಅಂತಿಮತೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಿಷಯ ಕೂಡಿಕೊಂಡಿವೆ. ಇವನು ಮಾಡಿದನೇ ಇಲ್ಲವೇ ಎಂಬುದು ಹಿಂದಿನದಕ್ಕೆ ಸಂಬಂಧಿಸಿದ ಪ್ರಶ್ನೆ. ಅದಕ್ಕೊಂದು ಉತ್ತರ ಸಿಕ್ಕ ಮೇಲೆ ಬಲವಾದ ಕಾರಣವಿಲ್ಲದೆ ಕೆದಕಬಾರದು, ಒಪ್ಪೋಣ. ಎಷ್ಟು ಕಾಲ ಒಳಗಿಡಬೇಕು ಎಂಬುದು ಮುಂದಿನದಕ್ಕೆ ಸಂಬಂಧಿಸಿದ್ದು. ಮನುಷ್ಯ ಇಪ್ಪತ್ತು ವರ್ಷದಲ್ಲಿ ಬದಲಾಗುತ್ತಾನೆ, ಕೆಲವೊಮ್ಮೆ ಬದಲಾಗುವುದಿಲ್ಲ. ದುಪಾರೆ ತೀರ್ಪು ಈ ಎರಡನ್ನು ಬೇರ್ಪಡಿಸಿದ್ದರಲ್ಲೇ ಅದರ ಬೆಲೆ ಇದೆ. ಕೈದಿಯ ಬಾಲ್ಯ, ಮನಸ್ಥಿತಿ, ಜೈಲಿನ ನಡತೆ ಇವುಗಳ ವರದಿ ತರಿಸಿಯೇ ಗಲ್ಲಿನ ಬಗ್ಗೆ ತೀರ್ಮಾನಿಸಬೇಕೆಂದು 2022ರ ಮನೋಜ್ ಪ್ರಕರಣದಲ್ಲಿ ಹೇಳಿದ ಮೇಲೆ, ಹಾಗೆ ಮಾಡದೆ ಮುಗಿಸಿದ ಹಳೆಯ ಪ್ರಕರಣಗಳನ್ನು ಶಿಕ್ಷೆಯ ಮಟ್ಟಿಗೆ ತೆರೆಯಬಹುದು ಎಂಬುದು ಅದರ ಸಾರ. ಇದನ್ನು ಎಲ್ಲರಿಗೂ ಸಿಗುವ ಮಾಮೂಲು ದಾರಿ ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಕೋರ್ಟು ಗಲ್ಲಿನ ಬದಲು, ಮಾಫಿಗೆ ಅವಕಾಶವೇ ಇಲ್ಲದ, ಸಾಯುವವರೆಗಿನ ಸೆರೆಯೆಂಬ ಹೊಸ ಶಿಕ್ಷೆಯನ್ನು ಕಟ್ಟಿತು. ಆತ ಮತ್ತೆ ಮತ್ತೆ ಬಿಡುಗಡೆ ಕೇಳುತ್ತ ಬಂದಿದ್ದಾನೆ, 2024ರಲ್ಲೂ ಕೇಳಿದ. ಆ ಅಪರಾಧದ ಬಗ್ಗೆ ಕನಿಕರ ಹುಟ್ಟುವುದು ಕಷ್ಟ. ಆದರೆ ಸರ್ಕಾರದ ಮಾಫಿಯ ದಾರಿಯನ್ನು ಮುಚ್ಚಿದ ಶಿಕ್ಷೆಯಿರುವಾಗ ಕೈದಿಗೆ ಉಳಿಯುವುದು ಕೋರ್ಟಿನ ಬಾಗಿಲೊಂದೇ, ಅವನು ಅದನ್ನು ತಟ್ಟದೆ ಇನ್ನೇನು ಮಾಡಿಯಾನು?

ಶಿಕ್ಷೆಯನ್ನು ಕೋರ್ಟಿನ ಹೊರಗೆ ಮರುನೋಡುವ ಒಂದು ಸೊಗಸಾದ ಪ್ರಯೋಗ ಸಾಂಗಲಿ ಜಿಲ್ಲೆಯಲ್ಲೇ ನಡೆದಿದೆ. ಜತ್ತಿನ ಹಾಗೆಯೇ ಮಳೆ ಕಾಣದ ಆಟಪಾಡಿ ಆಗ ಔಂಧ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ 1930ರ ದಶಕದ ಕೊನೆಗೆ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಎದ್ದಿತು. ಅದರ ಹಿಂದಿದ್ದವರಲ್ಲೊಬ್ಬರು ಪೋಲೆಂಡಿನಿಂದ ಬಂದು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದಿದ್ದ ಮಾರಿಸ್ ಫ್ರೀಡ್‌ಮನ್. ಕೊಲೆ ಮಾಡಿ ಬಂದವರು ಅಲ್ಲಿ ಹೊಲ ಉಳುತ್ತಾರೆ, ಹೆಂಡತಿ ಮಕ್ಕಳೊಂದಿಗೆ ಇರುತ್ತಾರೆ. ಆ ಭಾಗದವರೇ ಆದ ಗ.ದಿ. ಮಾಡಗೂಳಕರ್ ಇದರಿಂದ ಕಥೆ ಹೆಣೆದರು, ವಿ. ಶಾಂತಾರಾಮ್ 1957ರಲ್ಲಿ 'ದೋ ಆಂಖೇ ಬಾರಹ್ ಹಾಥ್' ತೆಗೆದರು. ಸಿನಿಮಾ ಜಗತ್ತಿಗೇ ಗೊತ್ತು, ಸ್ವತಂತ್ರಪುರ ಸಾಂಗಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ತೀರ್ಪಿನ ಒಂದಕ್ಷರವೂ ಬದಲಾಗದೆ ಶಿಕ್ಷೆ ಬದಲಾಗುತ್ತದೆ.

ಹೊರದೇಶಗಳಲ್ಲಿ ಎರಡು ಬಗೆಯ ದಾರಿಗಳಿವೆ. ಅಮೆರಿಕ 1996ರ ಕಾಯ್ದೆಯಿಂದ ಎರಡನೇ ಅರ್ಜಿಯನ್ನು ಬಹುಮಟ್ಟಿಗೆ ತಡೆಯಿತು. ಇಂಗ್ಲೆಂಡ್ 1997ರಿಂದ ಪ್ರತ್ಯೇಕ ಆಯೋಗವೊಂದನ್ನು ನಡೆಸುತ್ತಿದೆ. ಅದು ಮುಗಿದ ಪ್ರಕರಣಗಳನ್ನು ತಾನೇ ತನಿಖೆ ಮಾಡಿ, ತಪ್ಪು ಕಂಡರೆ ಅಪೀಲು ಕೋರ್ಟಿಗೆ ಕಳಿಸುತ್ತದೆ. ಅಂಥ ಆಯೋಗ ನಮಗೂ ಬೇಕು. ನಮ್ಮಲ್ಲಿ ತಪ್ಪು ಹುಡುಕುವ ಹೊಣೆ ಜೈಲಿನೊಳಗಿರುವವನ ಮೇಲೆಯೇ ಇದೆ.

ಅದಕ್ಕಿಂತ ಮೊದಲು ಕೆಳಗಿನ ಮೆಟ್ಟಿಲು ಗಟ್ಟಿಯಾಗಬೇಕು. ಮೇಲೆ ಹೇಳಿದ ತೆರೆದ ಕೋರ್ಟಿನ ವಿಚಾರಣೆ, ಮನೋಜ್ ವರದಿ, ದುಪಾರೆ ಬಾಗಿಲು ಎಲ್ಲವೂ ಗಲ್ಲಿನ ಕೈದಿಗೆ. ಏಳು ವರ್ಷ, ಹತ್ತು ವರ್ಷ, ಜೀವಾವಧಿ ಆದವನಿಗೆ ನಿಜವಾಗಿ ಸಿಗುವುದು ಒಂದೇ ಪೂರ್ಣ ಅಪೀಲು. ಜತ್ತಿನ ಕನ್ನಡ ಸಾಕ್ಷಿ ಹೇಳಿದ್ದು ಕೆಳ ಕೋರ್ಟಿನ ಭಾಷೆಯಾದ ಮರಾಠಿಗೆ ಇಳಿಯುತ್ತದೆ, ಅದು ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಿಗೆ. ಎರಡು ಭಾಷೆ ದಾಟಿ ಹೋದ ಮಾತಿನ ಮೇಲೆ ಒಬ್ಬನ ಹತ್ತು ವರ್ಷ ನಿಂತಿರುತ್ತದೆ. ಜೈಲುಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಪುಕ್ಕಟೆ ಕೊಡಬೇಕು, ಆತ ಕೇಳಿದರೆ ಸಾಧ್ಯವಿದ್ದ ಮಟ್ಟಿಗೆ ಅವನದೇ ಭಾಷೆಯ ಅನುವಾದವನ್ನೂ ಕೊಡಬೇಕು ಎಂದು ಹೊಸ ಸಂಹಿತೆಯ 404ನೇ ಕಲಮಿನಲ್ಲಿದೆ, ಹಳೆಯದರಲ್ಲೂ ಇತ್ತು. ಕೇಳಬಹುದೆಂದು ಕೈದಿಗೆ ಹೇಳುವವರು ಯಾರು?

ಈ ಪ್ರತಿಯ ಬೆಲೆ ಎಷ್ಟೆಂದು ತಿಳಿಯಲು ಮಾಧವ ಹಯವದನರಾವ್ ಹೊಸ್ಕೋಟರ ಪ್ರಕರಣ ಓದಬೇಕು. ಸೌರಾಷ್ಟ್ರ ವಿಶ್ವವಿದ್ಯಾಲಯದ ಈ ರೀಡರ್ ಮುಂಬಯಿಯ ಬ್ಲಾಕ್ ತಯಾರಕನೊಬ್ಬನ ಬಳಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಖೋಟಾ ಮೊಹರು ಮಾಡಿಸಲು ಹೋಗಿ ಸಿಕ್ಕಿಬಿದ್ದರು. ಸೆಷನ್ಸ್ ಕೋರ್ಟು ಕೊಟ್ಟದ್ದು ಕೋರ್ಟು ಏಳುವವರೆಗಿನ ಸಾದಾ ಶಿಕ್ಷೆ. ಬಾಂಬೆ ಹೈಕೋರ್ಟು 1973ರಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಅರ್ಜಿ ಹೋದದ್ದು ನಾಲ್ಕು ವರ್ಷ ದಾಟಿದ ಮೇಲೆ, ಶಿಕ್ಷೆಯೆಲ್ಲ ಮುಗಿದ ಮೇಲೆ. ತೀರ್ಪಿನ ಪ್ರತಿ ತನಗೆ ತಲುಪಲೇ ಇಲ್ಲ ಎಂದರು ಅವರು, ಕೊಟ್ಟಿದ್ದೇವೆ ಎಂದರು ಜೈಲಿನವರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು. ಜೊತೆಗೇ, ಪ್ರತಿಯನ್ನು ಪುಕ್ಕಟೆ ತಲುಪಿಸಿ ಕೈದಿಯ ಸಹಿ ಪಡೆಯುವುದು, ಬಡವನಿಗೆ ವಕೀಲನನ್ನು ಕೊಡುವುದು ಸರ್ಕಾರದ ಕರ್ತವ್ಯ ಎಂದು ಬರೆದರು. ಓದುಬರಹ ಬಲ್ಲ ಪ್ರಾಧ್ಯಾಪಕನಿಗೇ ಒಂದು ಪ್ರತಿಯ ಸುತ್ತ ಇಷ್ಟು ರಗಳೆಯಾಯಿತು. ಅಕ್ಷರ ಬಾರದ ಕುರಿಗಾಹಿಯ ಪಾಡೇನು ಎಂದು ಬೇರೆ ಹೇಳಬೇಕೇ?

ಕೊಲ್ಹಾಪುರ ಪೀಠ ಬಂದಿರುವುದರಿಂದ ವಕೀಲರನ್ನು ಕಂಡುಬರಲು ಮನೆಯವರು ರಾತ್ರಿ ಬಸ್ಸಿಗೆ ಮುಂಬಯಿಗೆ ಹೋಗಬೇಕಿಲ್ಲ, ಕಳಂಬಾ ಜೈಲಿನಲ್ಲಿರುವ ಕೈದಿ ಇರುವ ಊರಲ್ಲೇ ಅವನ ಅಪೀಲು ನಡೆಯುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಅಪೀಲುಗಳೆಲ್ಲ ಒಂದೇ ಕಡೆ ಸೇರುವುದರಿಂದ ಕನ್ನಡ ಬಲ್ಲ ಅನುವಾದಕರ, ಕಾನೂನು ನೆರವಿನ ವಕೀಲರ ಒಂದು ಪಟ್ಟಿಯನ್ನು ಅಲ್ಲಿ ಇಡುವುದೂ ಸುಲಭ. ಹೊಸ ಸಂಹಿತೆ ಮಾತ್ರ ಕೈದಿಯ ಮೇಲೆಯೇ ಗಡುವುಗಳನ್ನು ಬಿಗಿಗೊಳಿಸಿದೆ. 472ನೇ ಕಲಮಿನ ಪ್ರಕಾರ ಗಲ್ಲಿನ ಕೈದಿ ಕ್ಷಮಾದಾನ ಕೇಳಬೇಕಾದದ್ದು, ಅಪೀಲೋ ಪುನರ್ಪರಿಶೀಲನೆಯೋ ವಜಾ ಆದದ್ದನ್ನು ಜೈಲಿನ ಅಧೀಕ್ಷಕರು ತಿಳಿಸಿದ 30 ದಿನದೊಳಗೆ. ರಾಜ್ಯದ ಅಭಿಪ್ರಾಯ ಬಂದ ಮೇಲೆ ಶಿಫಾರಸು ಕಳಿಸಲು ಕೇಂದ್ರಕ್ಕೆ 60 ದಿನ. ರಾಷ್ಟ್ರಪತಿಗಳ ತೀರ್ಮಾನಕ್ಕೆ ಗಡುವಿಲ್ಲ, ಅದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂದೂ ಬರೆದಿದ್ದಾರೆ. ಹಿಂಡಲಗಾದ ನಾಲ್ವರು, ಕೊಲ್ಹಾಪುರದ ಅಕ್ಕತಂಗಿಯರು ಉಳಿದದ್ದು ಅಂಥ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದರಿಂದಲೇ. ಕೈದಿಯ ಆ 30 ದಿನ ಅಧೀಕ್ಷಕರು ತಿಳಿಸಿದ ದಿನದಿಂದ ಓಡತೊಡಗುತ್ತವೆ. ಯಾವ ಭಾಷೆಯಲ್ಲಿ ತಿಳಿಸಬೇಕೆಂಬ ಮಾತು ಆ ಕಲಮಿನಲ್ಲಿಲ್ಲ.